ಸ್ಲಾಟೆಡ್ ಆ್ಯಂಗಲ್, ಸ್ಲಾಟೆಡ್ ಚಾನೆಲ್: ಐಎಸ್, ಬಿಎಸ್, ಇಎನ್, ಆನ್ಸಿ ಮಾನಕಗಳನ್ನು ಹೋಲಿಸಿ ನೋಡುವ ಬಗೆ

ಪೀಣ್ಯದ ನಮ್ಮ ಶೆಡ್ಡಿಗೆ ಬರುವ ಪರ್ಚೇಸ್ ಆರ್ಡರ್‌ಗಳಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತದೆ: "ಸ್ಲಾಟೆಡ್ ಆ್ಯಂಗಲ್, 40×60, 14 ಗೇಜ್, ಐಎಸ್ ಅಥವಾ ಸಮಾನ ಅಂತರರಾಷ್ಟ್ರೀಯ ಮಾನಕದ ಪ್ರಕಾರ." ಸ್ಲಾಟೆಡ್ ಆ್ಯಂಗಲ್ ಎಂದರೆ ಉದ್ದಕ್ಕೂ ತೂತು (ಸ್ಲಾಟು) ಹೊಡೆದ ಎಲ್-ಆಕಾರದ ಉಕ್ಕಿನ ಪಟ್ಟಿ, ಗೇಜು ಎಂದರೆ ತಗಡಿನ ದಪ್ಪ ಹೇಳುವ ಸಂಖ್ಯೆ. ಮಾನಕಗಳಲ್ಲಿ ಐಎಸ್ ಭಾರತದ್ದು, ಬಿಎಸ್ ಬ್ರಿಟನ್ನಿನದು, ಇಎನ್ ಯುರೋಪಿನದು, ಆನ್ಸಿ ಅಮೆರಿಕದ್ದು. ಈಗ ಆ ಸಾಲು ನೋಡಿ. ಯಾವ ಐಎಸ್? ಯಾವ ದೇಶದ ಗೇಜು? "ಸಮಾನ" ಎಂದು ತೀರ್ಮಾನಿಸುವವರು ಯಾರು? ಈ ಮೂರಕ್ಕೂ ಆ ಸಾಲಿನಲ್ಲಿ ಉತ್ತರವಿಲ್ಲ. ಉತ್ತರವಿಲ್ಲದ ಸಾಲಿಗೆ ರೇಟು ಹಾಕಿದವರೂ, ಹಾಕಿಸಿಕೊಂಡವರೂ ಕೊನೆಗೆ ಸೈಟಿನಲ್ಲಿ ನಿಂತು ವಾದ ಮಾಡುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ.

ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತ ನಾನು ಕಲಿತದ್ದು ಇಷ್ಟು: ಎರಡು ಮಾನಕಗಳಲ್ಲಿ ಅಚ್ಚಾದ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟರೆ ಹೋಲಿಕೆ ಆಗುವುದಿಲ್ಲ. ಆ ಸಂಖ್ಯೆ ಯಾವುದರ ಅಳತೆ, ಎಲ್ಲಿ ಅಳೆದದ್ದು, ಒಂದು ಬದಿಯದೋ ಎರಡು ಬದಿಯದೋ, ಕನಿಷ್ಠವೋ ಗರಿಷ್ಠವೋ ಎಂಬುದನ್ನು ಮೊದಲು ಬಿಡಿಸಿಕೊಳ್ಳಬೇಕು. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ.

ಹಂತ 1: ಕೈಯಲ್ಲಿರುವ ಮಾಲು ಯಾವ ಕುಟುಂಬದ್ದು ಎಂದು ಗುರುತಿಸಿ

ತೂತಿರುವ ಸ್ಟೀಲ್ ಸೆಕ್ಷನ್ನಿಗೆಲ್ಲ ಅಂಗಡಿಯಲ್ಲಿ ಒಂದೇ ಹೆಸರು. ಮಾನಕಗಳ ಲೋಕದಲ್ಲಿ ಹಾಗಿಲ್ಲ, ಅಲ್ಲಿ ಕನಿಷ್ಠ ನಾಲ್ಕು ಕುಟುಂಬಗಳಿವೆ.

ಮೊದಲನೆಯದು ಬೋಲ್ಟ್ ಹಾಕಿ ಜೋಡಿಸುವ ಸ್ಲಾಟೆಡ್ ಆ್ಯಂಗಲ್. ಡಿಮಿಟ್ರಿಯಸ್ ಕೊಮಿನೊ ಲಂಡನ್ನಿನಲ್ಲಿ ಡೆಕ್ಸಿಯಾನ್ ಹೆಸರಿನಲ್ಲಿ 1940ರ ದಶಕದ ಕೊನೆಗೆ ಮಾರುಕಟ್ಟೆಗೆ ತಂದದ್ದು ಇದೇ. ಇದಕ್ಕೆ ನಮ್ಮಲ್ಲಿ ಐಎಸ್ 8081:1976 ಇದೆ. ಬ್ರಿಟನ್ನಿನದು ಬಿಎಸ್ 4345:1968. ಎರಡನೆಯದು ಈ ಆ್ಯಂಗಲ್ಲಿನಿಂದ ಮಾಡಿದ ಇಡೀ ರ‍್ಯಾಕು. ಅದಕ್ಕೆ ಐಎಸ್ 1883, ಅಮೆರಿಕದಲ್ಲಾದರೆ ಆನ್ಸಿ ಎಂಎಚ್ 28.1. ಮೂರನೆಯದು ಪೈಪು, ಕೇಬಲ್ ಟ್ರೇ ತೂಗುಹಾಕುವ ಸಿ-ಆಕಾರದ ಚಾನೆಲ್. ಅಮೆರಿಕದ ಮಿಶಿಗನ್ನಿನ ಚಾರ್ಲ್ಸ್ ಆಟ್‌ವುಡ್ ಅವರ ಯೂನಿಸ್ಟ್ರಟ್ ಈ ಜಾತಿಯದು. ಬ್ರಿಟನ್ನಿನ ಬಿಎಸ್ 6946 ಮತ್ತು ಅಮೆರಿಕದ ಎಂಎಫ್ಎಂಎ-4 ಇದಕ್ಕೆ ಸೇರುತ್ತವೆ. ಗಲ್ಫಿನ ಟೆಂಡರುಗಳಲ್ಲಿ ಬಿಎಸ್ 6946 ಹೆಸರು ಇಂದಿಗೂ ಸಾಕಷ್ಟು ಓಡಾಡುತ್ತದೆ. ನಾಲ್ಕನೆಯದು ಗೋದಾಮಿನ ಪ್ಯಾಲೆಟ್ ರ‍್ಯಾಕಿನ ಕಂಬ. ಅದಕ್ಕೆ ಯುರೋಪಿನ ಇಎನ್ 15512, ಅಮೆರಿಕದ ಆನ್ಸಿ ಎಂಎಚ್ 16.1, ಆಸ್ಟ್ರೇಲಿಯಾದ ಎಎಸ್ 4084.

ಐಎಸ್ 8081ನ್ನು ಇಎನ್ 15512 ಜೊತೆ ಹೋಲಿಸಿ ಕೊಡಿ ಎಂದು ಯಾರಾದರೂ ಕೇಳಿದರೆ ಅಲ್ಲೇ ನಿಲ್ಲಿಸಿ. ಮೊದಲನೆಯದು ಸೆಕ್ಷನ್ನಿನ ಮಾನಕ, ಎರಡನೆಯದು ಕಟ್ಟಿ ನಿಲ್ಲಿಸಿದ ರ‍್ಯಾಕಿನ ವಿನ್ಯಾಸದ ಮಾನಕ. ಇಟ್ಟಿಗೆಯನ್ನು ಮನೆಗೆ ಹೋಲಿಸಿದಂತಾಗುತ್ತದೆ.

ಇನ್ನೊಂದು ವಿಷಯ. ನಾವು ಬಾಯಿಮಾತಿನಲ್ಲಿ "ಇಂಟರ್‌ನ್ಯಾಷನಲ್" ಎನ್ನುವುದು ಈ ಕ್ಷೇತ್ರದಲ್ಲಿ ಬಹುಪಾಲು ಬಿಎಸ್, ಇಎನ್, ಆನ್ಸಿ. ಅವು ಆಯಾ ದೇಶದ ಅಥವಾ ಪ್ರದೇಶದ ಮಾನಕಗಳು. ನಿಜವಾದ ಅಂತರರಾಷ್ಟ್ರೀಯ ಮಾನಕವಾದ ಐಎಸ್‌ಒ ನಮಗೆ ಹೆಚ್ಚಾಗಿ ಒದಗುವುದು ಪರೀಕ್ಷಾ ವಿಧಾನ, ಸತುವಿನ ಲೇಪನ, ಬೋಲ್ಟುಗಳ ಭಾಗದಲ್ಲಿ.

ಹಂತ 2: ಮೂಲ ಪಠ್ಯವನ್ನೇ ತರಿಸಿಕೊಳ್ಳಿ

ಸಪ್ಲೈಯರ್ ಕ್ಯಾಟಲಾಗಿನ ಕೊನೆಯ ಪುಟದ ಪಟ್ಟಿಯನ್ನು ನಂಬಿ ಹೋಲಿಕೆ ಮಾಡಬೇಡಿ. ಭಾರತೀಯ ಮಾನಕಗಳನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಜಾಲತಾಣದಿಂದ ಹಣ ಕೊಡದೆ ಇಳಿಸಿಕೊಳ್ಳಬಹುದು. ಬೆಂಗಳೂರಿನವರಿಗೆ ತುಮಕೂರು ರಸ್ತೆಯ ಪೀಣ್ಯದಲ್ಲೇ ಬಿಐಎಸ್ ಶಾಖಾ ಕಚೇರಿಯೂ ಇದೆ. ಇಎನ್, ಬಿಎಸ್, ಆನ್ಸಿ ಮಾನಕಗಳಿಗೆ ದುಡ್ಡು ಕೊಡಬೇಕಾಗಬಹುದು. ಪಾರ್ಟಿಯೇ ಆ ಮಾನಕ ಕೇಳಿದ್ದರೆ ಸಂಬಂಧಪಟ್ಟ ಕಲಮುಗಳನ್ನು ಲಿಖಿತವಾಗಿ ಕೊಡಿ ಎಂದು ಸಂಕೋಚವಿಲ್ಲದೆ ಕೇಳಿ.

ಕೈಗೆ ಬಂದ ಮೇಲೆ ಮೊದಲ ಪುಟದಲ್ಲೇ ಮೂರು ವಿಷಯ ಬರೆದಿಟ್ಟುಕೊಳ್ಳಿ: ಪ್ರಕಟವಾದ ವರ್ಷ, ಬಿಐಎಸ್ ಮರುದೃಢೀಕರಿಸಿದ ವರ್ಷ, ತಿದ್ದುಪಡಿಗಳ ಸಂಖ್ಯೆ. 1976ರದು ಎಂದ ಮಾತ್ರಕ್ಕೆ ಸತ್ತ ಮಾನಕವಲ್ಲ, ಮರುದೃಢೀಕರಣವಾಗಿದ್ದರೆ ಅದು ಜೀವಂತ. ಆದರೆ ಅದರೊಳಗೆ ಹೆಸರಿಸಿರುವ ಉಕ್ಕಿನ ಮಾನಕಗಳು ಅಷ್ಟರಲ್ಲಿ ಪರಿಷ್ಕರಣೆಯಾಗಿರುತ್ತವೆ. ಐಎಸ್ 1079, ಐಎಸ್ 513ರ ಹಳೆಯ ದರ್ಜೆಗಳ ಹೆಸರು ಈಗಿನ ಮಿಲ್ ಟೆಸ್ಟ್ ಸರ್ಟಿಫಿಕೇಟಿನಲ್ಲಿ (ಉಕ್ಕಿನ ಕಾರ್ಖಾನೆ ಕೊಡುವ ಪರೀಕ್ಷಾ ಪತ್ರದಲ್ಲಿ) ಹಾಗೆಯೇ ಸಿಗುವುದಿಲ್ಲ. ಈ ಕೊಂಡಿ ಕಳಚಿರುವ ಕಡೆಯಲ್ಲೆಲ್ಲ ನಿಮ್ಮ ಹಾಳೆಯಲ್ಲಿ ಒಂದು ಗುರುತು ಹಾಕಿ.

ಹಂತ 3: ಹೋಲಿಕೆಯ ಹಾಳೆ ಹಾಕುವುದು

ಸಾಮಾನ್ಯವಾಗಿ ಎಲ್ಲರೂ ಎರಡು ಕಾಲಂ ಹಾಕುತ್ತಾರೆ, ಎಡಕ್ಕೆ ಐಎಸ್, ಬಲಕ್ಕೆ ಇಎನ್. ನನ್ನ ಸಲಹೆ ನಾಲ್ಕು ಕಾಲಂ. ಮೊದಲನೆಯದರಲ್ಲಿ ಗುಣ, ಅಂದರೆ ದಪ್ಪ, ಪಿಚ್ (ಒಂದು ಸ್ಲಾಟಿನಿಂದ ಮುಂದಿನದಕ್ಕೆ ಇರುವ ದೂರ), ಯೀಲ್ಡ್ (ಉಕ್ಕು ಶಾಶ್ವತವಾಗಿ ಆಕಾರ ಕೆಡತೊಡಗುವ ಒತ್ತಡ), ಲೇಪನ ಹೀಗೆ. ಎರಡು, ಮೂರರಲ್ಲಿ ಆ ಎರಡು ಮಾನಕಗಳು ಹೇಳುವ ಮಿತಿ, ಕಲಮಿನ ಸಂಖ್ಯೆಯ ಸಮೇತ. ನಾಲ್ಕನೆಯದರಲ್ಲಿ "ಹೇಗೆ ಅಳೆದದ್ದು". ಈ ನಾಲ್ಕನೇ ಕಾಲಂ ತುಂಬದೆ ಉಳಿದ ಸಾಲಿಗೆ ತೀರ್ಪು ಬರೆಯಬಾರದು. ಇದೊಂದು ಕಟ್ಟುಪಾಡು ಇಟ್ಟುಕೊಂಡರೆ ಅರ್ಧ ತಪ್ಪುಗಳು ಹಾಳೆಯ ಮೇಲೆಯೇ ಸಿಕ್ಕಿಬೀಳುತ್ತವೆ.

ಹಂತ 4: ದಪ್ಪ. ಗೇಜನ್ನು ಮರೆತು ಮಿಲಿಮೀಟರಿಗೆ ಬನ್ನಿ

ನಮ್ಮ ಮಾರುಕಟ್ಟೆಯ ಗೇಜು ಬ್ರಿಟಿಷರ ಕಾಲದ ಸ್ಟ್ಯಾಂಡರ್ಡ್ ವೈರ್ ಗೇಜ್ (ಎಸ್‌ಡಬ್ಲ್ಯುಜಿ). ಅದರಲ್ಲಿ 14 ಗೇಜ್ ಎಂದರೆ 2.032 ಮಿ.ಮೀ. ಅಮೆರಿಕದ ಶೀಟ್ ಗೇಜಿನಲ್ಲಿ ಅದೇ 14 ಎಂದರೆ 1.897 ಮಿ.ಮೀ. ಅವರ ಗ್ಯಾಲ್ವನೈಸ್ಡ್ ಶೀಟಿನ ಗೇಜು ಮತ್ತೂ ಬೇರೆ, ಸತುವೂ ಸೇರಿ 1.994. 16 ಗೇಜಿನಲ್ಲಿಯೂ ಇದೇ ಕಥೆ: ನಮ್ಮದು 1.626, ಅವರದು 1.519.

ಕೂದಲೆಳೆಯ ವ್ಯತ್ಯಾಸ ಎನಿಸಬಹುದು. 2.032ರಿಂದ 1.897ಕ್ಕೆ ಇಳಿದರೆ ದಪ್ಪದಲ್ಲಿ ಸುಮಾರು 6.6 ಶೇಕಡಾ ಕಡಿಮೆ. ಆದರೆ ಒತ್ತಡಕ್ಕೆ ಸಿಕ್ಕ ತೆಳು ತಗಡು ಸುಕ್ಕುಗಟ್ಟುವ ಮಿತಿ ದಪ್ಪದ ವರ್ಗದ ಪ್ರಕಾರ ಇಳಿಯುತ್ತದೆ, ಅಂದರೆ ಸುಮಾರು 13 ಶೇಕಡಾ. ರ‍್ಯಾಕಿನ ಕಂಬಕ್ಕೆ ಅದು ಸಣ್ಣ ಮಾತಲ್ಲ. ಹಾಗಾಗಿ ಹಾಳೆಯಲ್ಲಿ ಗೇಜು ಎಂಬ ಪದವೇ ಇರಬಾರದು.

ಈಗ ನಾಲ್ಕನೇ ಕಾಲಂ. ದಪ್ಪವನ್ನು ಬಣ್ಣದ ಮೇಲೆ ಅಳೆದರೋ, ಬರಿ ಉಕ್ಕಿನ ಮೇಲೋ? ಪೌಡರ್ ಕೋಟಿಂಗ್ ಒಂದು ಬದಿಗೆ 60ರಿಂದ 80 ಮೈಕ್ರಾನ್ ಕೂತಿದ್ದರೆ ಎರಡೂ ಬದಿ ಸೇರಿ 0.12ರಿಂದ 0.16 ಮಿ.ಮೀ. ಆಯಿತು. 1.85 ಮಿ.ಮೀ. ತಗಡಿಗೆ ಅಷ್ಟು ಬಣ್ಣ ಬಳಿದರೆ ವರ್ನಿಯರ್ 2.00 ತೋರಿಸುತ್ತದೆ. ಇನ್ನು ಪಂಚಿನಿಂದ ಎದ್ದ ಬರ್, ಅಂದರೆ ತೂತಿನ ಅಂಚಿನಲ್ಲಿ ಏಳುವ ಚೂಪು ಮುಳ್ಳು. ಸ್ಲಾಟಿನ ಅಂಚಿನಲ್ಲಿ ವರ್ನಿಯರ್ ಕಚ್ಚಿಸಿದರೆ ಆ ಬರ್ ಕೂಡ ದಪ್ಪವಾಗಿ ಓದುತ್ತದೆ. ಎರಡು ಸ್ಲಾಟುಗಳ ನಡುವಿನ ಸಮತಟ್ಟು ಜಾಗದಲ್ಲಿ ಬಣ್ಣ ಕೆರೆದು, ಮೈಕ್ರೋಮೀಟರ್ ಹಾಕಿ ನೋಡಿ. ಮೂಲೆಯ ಬಾಗಿನ ಹತ್ತಿರ ಹೋಗಬೇಡಿ, ಬಾಗಿದ ಕಡೆ ತಗಡು ತುಸು ತೆಳುವಾಗಿರುತ್ತದೆ.

ಮೈಕ್ರೋಮೀಟರ್ ಇಲ್ಲದಿದ್ದರೆ ತಕ್ಕಡಿ ಇದೆ. ಉಕ್ಕಿನ ಸಾಂದ್ರತೆ ಘನ ಮೀಟರಿಗೆ 7850 ಕೆ.ಜಿ. 40×60×2 ಆ್ಯಂಗಲ್ಲಿನ ಬಿಚ್ಚಿದ ಅಗಲ ಸುಮಾರು 97.5 ಮಿ.ಮೀ. ಸ್ಲಾಟು ಹೊಡೆಯದ 3 ಮೀಟರ್ ಪೀಸು ಸುಮಾರು 4.6 ಕೆ.ಜಿ. ತೂಗಬೇಕು. 10×25 ಮಿ.ಮೀ. ಅಳತೆಯ, ತುದಿ ದುಂಡಗಿರುವ ಒಂದು ಸ್ಲಾಟಿಗೆ ಸುಮಾರು 3.6 ಗ್ರಾಂ ಕಳೆಯಿರಿ. ಪೀಸಿನ ಮೇಲಿರುವ ಸ್ಲಾಟು ಎಣಿಸಿ, ಗುಣಿಸಿ, ಕಳೆದು, ತಕ್ಕಡಿಯ ಮೇಲಿಟ್ಟು ನೋಡಿ. ತಗಡು 1.85 ಆಗಿದ್ದರೆ ತೂಕದಲ್ಲಿ ಏಳೂವರೆ ಶೇಕಡಾ ಕೊರತೆ ಕಾಣುತ್ತದೆ. ಬಣ್ಣ ಕೆರೆಯಲು ಒಪ್ಪದ ಗೋದಾಮಿನಲ್ಲಿ ಈ ಲೆಕ್ಕ ನನ್ನನ್ನು ಹಲವು ಸಲ ಕಾಪಾಡಿದೆ.

ಅಂದ ಹಾಗೆ, ದಪ್ಪದ ಹೆಚ್ಚುಕಡಿಮೆಯ ಮಿತಿಯನ್ನು ಸೆಕ್ಷನ್ನಿನ ಮಾನಕದಲ್ಲಿ ಮಾತ್ರ ಹುಡುಕಬೇಡಿ, ಶೀಟಿನ ಮಾನಕದಲ್ಲೂ ನೋಡಿ. ಯುರೋಪಿನಲ್ಲಾದರೆ ಬಿಸಿ ರೋಲ್ ಆದ ತಗಡಿಗೆ ಇಎನ್ 10051, ತಣ್ಣಗೆ ರೋಲ್ ಆದದ್ದಕ್ಕೆ ಇಎನ್ 10131. ರೋಲ್ ಮಾಡಿದ ಸೆಕ್ಷನ್ನಿನ ಆಕಾರ, ತಿರುಚು, ನೇರಕ್ಕೆ ಇಎನ್ 10162.

ಹಂತ 5: ಸ್ಲಾಟು ಮತ್ತು ಪಿಚ್

ಇಲ್ಲಿ ನನ್ನದೇ ಪೆಟ್ಟೊಂದನ್ನು ಹೇಳಬೇಕು. ಒಂದು ಸೈಟಿಗೆ 41×41, 2.5 ಮಿ.ಮೀ. ಸ್ಲಾಟೆಡ್ ಚಾನೆಲ್ ಬೇಕೆಂದು ಆರ್ಡರ್ ಬಂತು. ಪಿಚ್ ಬರೆದಿರಲಿಲ್ಲ. ನಮ್ಮ ಡೈ 50 ಮಿ.ಮೀ. ಪಿಚ್‌ನದು, 14×28 ಸ್ಲಾಟು. ಹೊಡೆದು ಕಳಿಸಿದೆವು. ಅಲ್ಲಿ ಜೋಡಿಸಬೇಕಿದ್ದ ಫ್ರೇಮುಗಳು ಹೊರಗಿನಿಂದ ಬಂದವು, ಅಮೆರಿಕದ 2 ಇಂಚಿನ ಪಿಚ್ಚಿಗೆ ತೂತು ಕೊರೆದವು. 2 ಇಂಚು ಎಂದರೆ 50.8. ಮೇಸ್ತ್ರಿ ಫೋನ್ ಮಾಡಿ, "ಸರ್, ಮೇಲಿನ ಬೋಲ್ಟ್ ಕೂತಿದೆ, ಕೆಳಗಿನವು ಕೂರ್ತಾ ಇಲ್ಲ, ನೀವೇ ಬಂದು ನೋಡಿ" ಅಂದರು.

ಹೋಗಿ ನೋಡಿದರೆ ಲೆಕ್ಕ ಕಣ್ಣೆದುರಿಗೇ ಇತ್ತು. 12 ಮಿ.ಮೀ. ಬೋಲ್ಟು 28 ಮಿ.ಮೀ. ಸ್ಲಾಟಿನ ನಡುವೆ ಕೂತರೆ ಅತ್ತ 8, ಇತ್ತ 8 ಮಿ.ಮೀ. ಜಾಗ. ಒಂದು ಪಿಚ್ಚಿಗೆ 0.8 ಮಿ.ಮೀ. ಜಾರುತ್ತದೆ. ಹತ್ತು ಪಿಚ್ ದಾಟುವಷ್ಟರಲ್ಲಿ 8 ಮಿ.ಮೀ., ಬೋಲ್ಟು ಸ್ಲಾಟಿನ ತುದಿಗೆ ಒರಗಿ ನಿಂತಿತ್ತು. ಅದರಾಚೆಯದು ಒಂದೂ ಹೋಗಲಿಲ್ಲ. 3 ಮೀಟರ್ ಪೀಸಿನ ಕೊನೆಗೆ ಬರುವ ಹೊತ್ತಿಗೆ ವ್ಯತ್ಯಾಸ 48 ಮಿ.ಮೀ., ಹೆಚ್ಚುಕಡಿಮೆ ಒಂದು ಇಡೀ ಪಿಚ್. ಎರಡೂ ಕಡೆಯ ಮಾಲು ತಮ್ಮ ತಮ್ಮ ಲೆಕ್ಕಕ್ಕೆ ಸರಿಯಾಗಿತ್ತು. ಒಟ್ಟಿಗೆ ಸೇರದ ಮೇಲೆ ಆ ಸರಿಗೆ ಬೆಲೆಯೇನು? ಕೇಳದೆ ಹೊಡೆದದ್ದು ನಮ್ಮ ತಪ್ಪು, ಅಷ್ಟೂ ಚಾನೆಲ್ ವಾಪಸ್ ತಂದೆವು.

ಅಂದಿನಿಂದ ಪಾಲಿಸುವ ಕ್ರಮ ಹೀಗೆ. ಪಿಚ್ಚನ್ನು ಒಂದು ಸ್ಲಾಟಿನಿಂದ ಪಕ್ಕದ ಸ್ಲಾಟಿಗೆ ಅಳೆಯಬೇಡಿ, 0.8 ಮಿ.ಮೀ. ಟೇಪಿನಲ್ಲಿ ಕಣ್ತಪ್ಪಿ ಹೋಗುತ್ತದೆ. ಮೊದಲ ಸ್ಲಾಟಿನ ಎಡ ಅಂಚಿನಿಂದ ಇಪ್ಪತ್ತು ಪಿಚ್ ಆಚೆಯ ಸ್ಲಾಟಿನ ಎಡ ಅಂಚಿಗೆ ಅಳೆಯಿರಿ. 1000 ಬಂದರೆ ಮಿಲಿಮೀಟರ್ ಮಾಲು, 1016 ಬಂದರೆ ಇಂಚಿನ ಮಾಲು. ಮಧ್ಯದ ಯಾವುದೋ ಸಂಖ್ಯೆ ಬಂದರೆ ಪಂಚಿಂಗಿನಲ್ಲಿ ಫೀಡ್ ಜಾರಿದೆ ಎಂದರ್ಥ.

ಮಾನಕ ಓದುವಾಗಲೂ ಇದನ್ನೇ ಹುಡುಕಿ: ಪಿಚ್ಚಿನ ಟಾಲರೆನ್ಸ್ (ಹೆಚ್ಚುಕಡಿಮೆಯ ಮಿತಿ) ಒಂದು ಪಿಚ್ಚಿಗೆ ಕೊಟ್ಟದ್ದೋ, ಒಟ್ಟು ಉದ್ದಕ್ಕೆ ಕೊಟ್ಟದ್ದೋ? ಒಂದರಲ್ಲಿ ಒಂದು ಪಿಚ್ಚಿಗೆ, ಇನ್ನೊಂದರಲ್ಲಿ ಒಟ್ಟು ಉದ್ದಕ್ಕೆ ಇದ್ದರೆ ಆ ಸಂಖ್ಯೆಗಳನ್ನು ಎದುರುಬದುರು ಇಡುವಂತಿಲ್ಲ. ಎರಡನ್ನೂ 3 ಮೀಟರಿಗೆ ಬಿಡಿಸಿ ಬರೆದು ನೋಡಿ. ಜೋಡಣೆಗೆ ಮುಖ್ಯವಾಗುವುದು ಒಟ್ಟು ಉದ್ದದ್ದೇ.

ಹಂತ 6: ಉಕ್ಕಿನ ದರ್ಜೆ

ಇಲ್ಲೊಂದು ಹಳ್ಳವಿದೆ, ಅನುಭವಿಗಳೂ ಬೀಳುತ್ತಾರೆ. ತಗಡಿನ ಉಕ್ಕಿನಲ್ಲಿ ಎರಡು ಜಾತಿ: ಭಾರ ಹೊರಲೆಂದು ಮಾಡಿದ್ದು ಮತ್ತು ಬಾಗಿಸಿ ಆಕಾರ ಕೊಡಲೆಂದು ಮಾಡಿದ್ದು. ಭಾರ ಹೊರುವ ಜಾತಿಗೆ ಕನಿಷ್ಠ ಯೀಲ್ಡ್ ಖಾತ್ರಿ ಇರುತ್ತದೆ. ಐಎಸ್ 2062ರ ಇ250 ಮತ್ತು ಇಎನ್ 10346ರ ಎಸ್250ಜಿಡಿ ಎರಡಕ್ಕೂ 250 ಮೆಗಾಪಾಸ್ಕಲ್, ಅಮೆರಿಕದ ಎಎಸ್‌ಟಿಎಂ ಎ653ರ ಗ್ರೇಡ್ 33ಕ್ಕೆ 230. ಇವನ್ನು ನೇರವಾಗಿ ಹೋಲಿಸಬಹುದು. ಆಕಾರ ಕೊಡುವ ಜಾತಿಯಲ್ಲಿ ಮಿತಿ ತಿರುಗುಮುರುಗು. ಇಎನ್ 10130ರ ಡಿಸಿ01ಕ್ಕೆ 280 ಎಂದು ಬರೆದಿದ್ದರೆ ಅದು ಗರಿಷ್ಠ. ಅದಕ್ಕಿಂತ ಮೆದು ಇರಲಿ, ಗಟ್ಟಿ ಬೇಡ ಎಂಬ ಮಾತು ಅದು. 280 ದೊಡ್ಡದು, 250 ಚಿಕ್ಕದು ಎಂದು ಓದಿಕೊಂಡು ಡಿಸಿ01ನ್ನು ಉತ್ತಮ ಎಂದು ಬರೆದ ಹೋಲಿಕೆ ಪಟ್ಟಿಯನ್ನು ನಾನು ಕೈಯಾರೆ ತಿದ್ದಿದ್ದೇನೆ. ಹಾಗಾಗಿ ಯೀಲ್ಡ್ ಸಾಲಿನಲ್ಲಿ ಪ್ರತಿ ಸಂಖ್ಯೆಯ ಪಕ್ಕ "ಕನಿಷ್ಠ" ಅಥವಾ "ಗರಿಷ್ಠ" ಎಂದು ಬರೆಯಲೇಬೇಕು.

ಪರೀಕ್ಷಾ ವಿಧಾನದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಎಳೆತದ ಪರೀಕ್ಷೆಗೆ ನಮ್ಮ ಐಎಸ್ 1608 ಭಾಗ 1 ಐಎಸ್‌ಒ 6892-1ನ್ನೇ ಅಳವಡಿಸಿಕೊಂಡಿದೆ, ಬಾಗಿಸುವ ಪರೀಕ್ಷೆಯ ಐಎಸ್ 1599 ಐಎಸ್‌ಒ 7438ನ್ನು. ಮಿಲ್ ಸರ್ಟಿಫಿಕೇಟಿನ ಹೀಟ್ ನಂಬರೂ (ಉಕ್ಕು ಕರಗಿಸಿದ ಕಂತಿನ ಸಂಖ್ಯೆ) ಕಾಯಿಲಿನ ಮೇಲಿನ ನಂಬರೂ ಒಂದೇ ಇದೆಯೇ ಎಂದು ಮಾತ್ರ ಕಣ್ಣಾರೆ ನೋಡಿ.

ಹಂತ 7: ಸತುವಿನ ಲೇಪನ

ಎರಡು ಕೊಟೇಶನ್ ಬಂದಿವೆ ಎಂದುಕೊಳ್ಳಿ. ಚದರ ಮೀಟರಿಗೆ ಸತು ಒಂದರಲ್ಲಿ "275 ಗ್ರಾಂ", ಇನ್ನೊಂದರಲ್ಲಿ "395 ಗ್ರಾಂ". ಮೊದಲನೆಯದು ಎರಡನೆಯದರ ಸುಮಾರು 70 ಶೇಕಡಾ, ರೇಟಿನಲ್ಲೂ ಕಡಿಮೆ, ಇದೇ ಸಾಕಲ್ಲವೇ ಎನಿಸುತ್ತದೆ. ನಾಲ್ಕನೇ ಕಾಲಂ ತುಂಬಿ ನೋಡಿ.

275 ಎಂಬುದು ಐಎಸ್ 277 ಅಥವಾ ಇಎನ್ 10346ರ ಪ್ರಕಾರ ಶೀಟಿನ ಎರಡೂ ಬದಿ ಸೇರಿದ ತೂಕ. ಅಮೆರಿಕದ ಜಿ90 ಕೂಡ ಅದೇ ಲೆಕ್ಕದ್ದು. ಒಂದು ಬದಿಗೆ ಬರುವುದು ಸುಮಾರು 137 ಗ್ರಾಂ, ಅಂದರೆ ಅಂದಾಜು 20 ಮೈಕ್ರಾನ್. 395 ಎಂಬುದು ಐಎಸ್‌ಒ 1461ರದು: 1.5ರಿಂದ 3 ಮಿ.ಮೀ. ದಪ್ಪದ ಉಕ್ಕನ್ನು ಸೆಕ್ಷನ್ ಮಾಡಿದ ಮೇಲೆ ಕರಗಿದ ಸತುವಿನಲ್ಲಿ ಅದ್ದಿ ತೆಗೆದಾಗ (ಹಾಟ್ ಡಿಪ್) ಪ್ರತಿ ಮೇಲ್ಮೈಗೆ ಇರಬೇಕಾದ ಸರಾಸರಿ, 55 ಮೈಕ್ರಾನ್. ನಿಜವಾದ ಅನುಪಾತ ಮೂರರಲ್ಲಿ ಒಂದು ಭಾಗದ ಆಸುಪಾಸು.

ಅಷ್ಟೇ ಅಲ್ಲ. ಸತು ಹಚ್ಚಿದ ಶೀಟನ್ನು ಆಮೇಲೆ ಪಂಚ್ ಮಾಡಿದರೆ ಪ್ರತಿ ಸ್ಲಾಟಿನ ಒಳ ಅಂಚು ಬರಿ ಉಕ್ಕು. ಮೈತುಂಬ ತೂತಿರುವ ಸೆಕ್ಷನ್ನಿಗೆ ಅದು ಸಾವಿರಾರು ಬರಿ ಅಂಚು. ಒಣ ಗೋದಾಮಿಗೆ ತೊಂದರೆಯಿಲ್ಲ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಹೊರಗೆ ನಿಲ್ಲಿಸುವುದಾದರೆ ಸ್ಲಾಟು ಹೊಡೆದ ಮೇಲೆ ಅದ್ದಿದ್ದನ್ನೇ ಕೇಳಿ.

ನಮ್ಮ ಮಾನಕವೇ ಬಿಗಿಯಾಗಿರುವ ಜಾಗವೂ ಇದೇ. 1996ರ ಐಎಸ್ 4759 2ರಿಂದ 5 ಮಿ.ಮೀ. ದಪ್ಪದ ಉಕ್ಕಿಗೆ 460 ಗ್ರಾಂ ಕೇಳುತ್ತದೆ, ಸುಮಾರು 64 ಮೈಕ್ರಾನ್. 2.5 ಮಿ.ಮೀ. ಚಾನೆಲ್ಲಿಗೆ ಐಎಸ್‌ಒ 1461 ಕೇಳುವುದು 395. ವಿದೇಶದ್ದೆಂದರೆ ಮೇಲು ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಐಎಸ್‌ಒ 1461ಕ್ಕೆ ಸರಿಹೊಂದಿದ ಮಾಲು ಐಎಸ್ 4759ಕ್ಕೆ ಫೇಲ್ ಆಗಬಹುದು, ಇದನ್ನು ದಯವಿಟ್ಟು ಗಮನಿಸಿ.

ಹಂತ 8: ಭಾರದ ಪಟ್ಟಿ

ಕ್ಯಾಟಲಾಗಿನಲ್ಲಿ "ಒಂದು ಶೆಲ್ಫಿಗೆ ಇಷ್ಟು ಕೆ.ಜಿ." ಎಂದಿರುತ್ತದೆ. ಆ ಕೆ.ಜಿ. ಯಾವ ಲೆಕ್ಕದಿಂದ ಬಂತು ಎಂಬುದು ಮುಖ್ಯ. ಸರಳ ಮಾಡಿ ಹೇಳುತ್ತೇನೆ. ಒಂದು ತೊಲೆ ಯೀಲ್ಡ್ ಮುಟ್ಟುವುದು 1000 ಕೆ.ಜಿ.ಯಲ್ಲಿ ಎಂದುಕೊಳ್ಳಿ. ನಮ್ಮ ಐಎಸ್ 801:1975 ಅನುಮತಿಸಿದ ಒತ್ತಡದ ದಾರಿಯದು, ಯೀಲ್ಡಿನ ಸುಮಾರು 0.6 ಪಾಲು. ಅದರ ಪ್ರಕಾರ ಬರೆಯಬಹುದಾದದ್ದು 600 ಕೆ.ಜಿ. ಇಎನ್ 15512 ಸರಕಿನ ಭಾರವನ್ನೇ 1.4ರಿಂದ ಹೆಚ್ಚಿಸಿ ನೋಡುತ್ತದೆ, ಹಾಗಾಗಿ 714. ಯಾವ ಮಾನಕವೂ ಇಲ್ಲದ ಕ್ಯಾಟಲಾಗು 1000 ಎಂದೇ ಅಚ್ಚು ಹಾಕಿರಬಹುದು. ಮೂರೂ ಒಂದೇ ತೊಲೆ. ನಿಜವಾದ ಲೆಕ್ಕದಲ್ಲಿ ಸುಕ್ಕುಗಟ್ಟುವಿಕೆ, ಕನೆಕ್ಟರಿನ ಸಡಿಲ ಎಲ್ಲ ಬರುತ್ತದೆ, ಅನುಪಾತ ಬದಲಾಗುತ್ತದೆ. ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಇದು ಕೆಲಸದ ಭಾರವೋ, ಮುರಿಯುವ ಭಾರವೋ?

ಬಾಗುವ ಮಿತಿಯೂ ಬೇರೆಬೇರೆ. ಎಂಎಚ್ 16.1 ತೊಲೆಗೆ ಉದ್ದದ 180ರಲ್ಲಿ ಒಂದು ಭಾಗ ಬಿಡುತ್ತದೆ, ಇಎನ್ 15512 ವಾಡಿಕೆಯಂತೆ 200ರಲ್ಲಿ ಒಂದು. 2700 ಮಿ.ಮೀ. ತೊಲೆಗೆ ಅದು 15 ಮತ್ತು 13.5.

ಸ್ಲಾಟು ತುಂಬಿದ ಕಂಬದ ಬಲವನ್ನು ಕಾಗದದ ಲೆಕ್ಕದಿಂದ ಮಾತ್ರ ಒಪ್ಪಬೇಡಿ. ತೂತುಗಳು ಸೆಕ್ಷನ್ನಿನ ನಡವಳಿಕೆಯನ್ನೇ ಬದಲಿಸುವುದರಿಂದ ಇಎನ್ 15512 ಹಾಗೂ ಎಂಎಚ್ 16.1 ಎರಡೂ ಗಿಡ್ಡ ಕಂಬವನ್ನು ಪ್ರೆಸ್ಸಿನಡಿ ಒತ್ತಿ ನೋಡುವ ಪರೀಕ್ಷೆಯ ಮೊರೆ ಹೋಗುತ್ತವೆ. ಎತ್ತರದ ರ‍್ಯಾಕ್ ಕೊಳ್ಳುವವರು ಆ ಪರೀಕ್ಷೆಯ ವರದಿ ಕೇಳಿ. ಭೂಕಂಪದ ಲೆಕ್ಕ ಬೇಕಿದ್ದರೆ ನಮ್ಮಲ್ಲಿ ಐಎಸ್ 1893, ಯುರೋಪಿನಲ್ಲಿ ಇಎನ್ 16681. ಅದನ್ನು ಸ್ಟ್ರಕ್ಚರಲ್ ಎಂಜಿನಿಯರಿಗೇ ಬಿಡಿ.

ಹಂತ 9: ಬೋಲ್ಟು, ನಟ್ಟು

ಬೋಲ್ಟಿನ ಬಲ ಹೇಳುವ ಐಎಸ್ 1367ರ 4.6, 8.8 ದರ್ಜೆಗಳು ಐಎಸ್‌ಒ 898-1ರವೇ, ಅಲ್ಲಿ ಜಗಳವಿಲ್ಲ. ಜಗಳ ಇಂಚಿನ ಹಳೆ ಮಾಲಿನದು. ಇಂಚಿಗೆ ಹದಿನೆಂಟು ಎಳೆಯ 5/16 ಇಂಚಿನ ಬೋಲ್ಟು ಮತ್ತು ಎಂ8 ಬೋಲ್ಟು ಕಣ್ಣಿಗೆ ಒಂದೇ: 7.94 ಮತ್ತು 8 ಮಿ.ಮೀ. ಎಳೆಯ ಅಂತರ ಮಾತ್ರ 1.41 ಮತ್ತು 1.25. ನಟ್ಟು ಒಂದೆರಡು ಸುತ್ತು ಹತ್ತಿ ಹಿಡಿದುಕೊಳ್ಳುತ್ತದೆ. ಹುಡುಗರು ಸ್ಪ್ಯಾನರ್ ಹಾಕಿ ಬಲವಂತವಾಗಿ ತಿರುಗಿಸಿದರೆ ಬಿಗಿಯಾದಂತೆ ಕಾಣುತ್ತದೆ, ಎಳೆ ಮಾತ್ರ ಕಿತ್ತುಹೋಗಿರುತ್ತದೆ. ಹಳೆ ರ‍್ಯಾಕಿಗೆ ಹೊಸ ಪೀಸು ಸೇರಿಸುವಾಗ ಬೋಲ್ಟಿನ ಡಬ್ಬಗಳನ್ನು ಬೇರೆ ಬೇರೆ ಇಡಿ.

ಹಂತ 10: ಆರ್ಡರಿನಲ್ಲಿ ಬರೆಯುವ ಸಾಲು

ಹಾಳೆ ತುಂಬಿದ ಮೇಲೆ ಪ್ರತಿ ಗುಣಕ್ಕೆ ಬಿಗಿಯಾದ ಮಿತಿ ಯಾವುದೋ ಅದನ್ನೇ ಆರಿಸಬೇಕೆಂದಿಲ್ಲ. ಒಣ ಜಾಗದ ಕಡತದ ರ‍್ಯಾಕಿಗೆ 460 ಗ್ರಾಂ ಸತು ದುಡ್ಡು ಸುರಿದಂತೆ. ಜಾಗ, ಭಾರ, ಯಾವುದರ ಜೊತೆ ಸೇರಬೇಕು ಎಂಬುದನ್ನು ನೋಡಿ ಆರಿಸಿ. ಆರಿಸಿದ್ದನ್ನು ಹೀಗೆ ಬರೆಯಿರಿ:

"ಸ್ಲಾಟೆಡ್ ಚಾನೆಲ್ 41×41, ಲೇಪನವಿಲ್ಲದ ಉಕ್ಕಿನ ದಪ್ಪ 2.5 ಮಿ.ಮೀ., ಕನಿಷ್ಠ ಯೀಲ್ಡ್ 250 ಮೆಗಾಪಾಸ್ಕಲ್, ಸ್ಲಾಟು 14×28, ಪಿಚ್ 50 ಮಿ.ಮೀ., ಇಪ್ಪತ್ತು ಪಿಚ್‌ಗಳ ಮೇಲೆ ಅಳೆಯುವುದು, ಸ್ಲಾಟು ಹೊಡೆದ ನಂತರ ಹಾಟ್ ಡಿಪ್, ಐಎಸ್ 4759ರ ಪ್ರಕಾರ ಪ್ರತಿ ಮೇಲ್ಮೈಗೆ 460 ಗ್ರಾಂ, ಹೀಟ್ ನಂಬರ್ ಸಮೇತ ಮಿಲ್ ಸರ್ಟಿಫಿಕೇಟ್."

"ಅಥವಾ ಸಮಾನ" ಎಂಬ ಪದ ಬೇಕೇ ಬೇಕು ಎಂದು ಮೇಲಿನವರು ಹಟ ಹಿಡಿದರೆ ಅದರ ಮುಂದೆ "ಖರೀದಿದಾರರ ಲಿಖಿತ ಒಪ್ಪಿಗೆಯ ಮೇಲೆ ಮಾತ್ರ" ಎಂದು ಸೇರಿಸಿ. ಮೊದಲ ಲಾರಿ ಬಂದ ದಿನ ಲೋಡ್ ಇಳಿಸುವ ಮುನ್ನ ಮೂರು ಬಂಡಲಿನಿಂದ ಒಂದೊಂದು ಪೀಸು ಎಳೆದು ದಪ್ಪ, ಇಪ್ಪತ್ತು ಪಿಚ್, ತೂಕ ನೋಡಿ, ಚಲನ್ ಹಿಂಬದಿಗೇ ಬರೆದು ಡ್ರೈವರಿಂದ ಸಹಿ ಹಾಕಿಸಿಕೊಳ್ಳಿ.